ನೈಜರ್ ನದಿ: ಮಳೆ ಆಗಸ್ಟಿನಲ್ಲಿ, ನೆರೆ ಜನವರಿಯಲ್ಲಿ. ಏಕೆ?

ಭಾಗಮಂಡಲ_ಓದುಗ:
ಹೈಸ್ಕೂಲು ಮಕ್ಕಳಿಗೆ ಕಾವೇರಿ–ನೈಜರ್ ಹೋಲಿಸಿ ಪಾಠ ಮಾಡಬೇಕಿದೆ. ಎರಡೂ ಪಡುವಣ ಕಡಲಿಗೆ ಹತ್ತಿರ ಹುಟ್ಟಿ, ಅದಕ್ಕೆ ಬೆನ್ನು ಹಾಕಿ ಹರಿಯುತ್ತವೆ. ಆದರೆ ಇಲ್ಲಿ ರಾತ್ರಿ ಸುರಿದದ್ದು ಮರುದಿನವೇ ಕುಶಾಲನಗರದ ಬಡಾವಣೆಗೆ ನುಗ್ಗುತ್ತದೆ. ನೈಜರ್ ದೇಶದ ನಿಯಾಮೆಗೆ ಮಳೆ ನಿಂತು ತಿಂಗಳುಗಳಾದ ಮೇಲೆ ನೆರೆ ಬರುತ್ತದಂತೆ. ಕಾರಣವೇನು? ನದಿಗೆ ಈಗಿರುವ ಕುತ್ತು ಯಾವುದು?

ಜಲಾನಯನ:
ನೈಜರ್ ಹುಟ್ಟುವುದು ಗಿನಿಯ ಬೆಟ್ಟಗಳಲ್ಲಿ, ಅಟ್ಲಾಂಟಿಕ್‌ನಿಂದ ಬರೀ 240 ಕಿ.ಮೀ. ದೂರದಲ್ಲಿ. ಈಶಾನ್ಯಕ್ಕೆ ಸಹಾರಾ ಅಂಚಿನ ಟಿಂಬಕ್ಟುವರೆಗೆ ಹೋಗಿ, ಬಾಗಿ, ನೈಜೀರಿಯಾದಲ್ಲಿ ಕಡಲು ಸೇರುವಾಗ ಸುಮಾರು 4,180 ಕಿ.ಮೀ. ಆಗಿರುತ್ತದೆ. ಕಾವೇರಿಯ ಐದು ಪಟ್ಟು.

ತಡವಾಗುವುದು ಮಾಲಿಯ ಒಳನಾಡು ಮುಖಜಭೂಮಿಯಲ್ಲಿ. ಅಲ್ಲಿ ಇಳಿಜಾರು ಇಲ್ಲವೆನ್ನುವಷ್ಟು ಕಡಿಮೆ; ನೀರು ನೂರಾರು ಕವಲಾಗಿ ಬಯಲು ತುಂಬಿ, ಬಿಸಿಲಿಗೆ ದೊಡ್ಡ ಪಾಲು ಆವಿಯಾಗಿ, ಉಳಿದದ್ದು ಮೆಲ್ಲಗೆ ಒಂದಾಗುತ್ತದೆ. ಹಾಗಾಗಿ ನಿಯಾಮೆಗೆ ಎರಡು ನೆರೆ. ಆಗಸ್ಟ್–ಸೆಪ್ಟೆಂಬರಿನಲ್ಲಿ ಬುರ್ಕಿನಾ ಫಾಸೊ ಕಡೆಯ ಉಪನದಿಗಳ ಕೆಂಪು ನೆರೆ, ನಮ್ಮ ಜಂಬಿಟ್ಟಿಗೆ ಮಣ್ಣಿನದೇ ಬಣ್ಣ. ಜನವರಿ ಹೊತ್ತಿಗೆ ಗಿನಿಯ ನೀರು. ದಾರಿಯಲ್ಲೇ ಹೂಳು ಬಿಟ್ಟು ಬಂದಿರುವುದರಿಂದ ತಿಳಿಯಾಗಿರುತ್ತದೆ.

ಆ ಬಯಲಿನಲ್ಲಿ ಬುರ್ಗು ಎಂಬ ಹುಲ್ಲಿದೆ. ನೀರು ಏರಿದಷ್ಟೂ ದಂಟು ನೀಳವಾಗಿ ತೇಲುತ್ತದೆ. ನೀರಿಳಿದ ಮೇಲೆ ಫುಲಾನಿ ದನಗಾಹಿಗಳಿಗೆ ಅದೇ ಬೇಸಿಗೆಯ ಮೇವು. ಬೋಜೊ ಬೆಸ್ತರು ನಂಬಿರುವ ಮೀನಿನ ಮರಿಗಳು ಬೆಳೆಯುವುದೂ ಅದರ ನಡುವೆಯೇ. ನೆರೆ ಸೋತ ವರ್ಷ ಎರಡಕ್ಕೂ ಪೆಟ್ಟು.

ಹಾರಂಗಿ_ಬಯಲು:
ಇದಕ್ಕೆ ಅಣೆಕಟ್ಟು ಸೇರಿಸಿ. ಮಾಲಿಯಲ್ಲಿ ಎರಡಿವೆ. ಮಾರ್ಕಾಲಾ (1947) ನೀರನ್ನು ಭತ್ತದ ಗದ್ದೆಗೆ ತಿರುಗಿಸುತ್ತದೆ. ಸೆಲಿಂಗೆ ಮಳೆಗಾಲದ ನೀರು ಹಿಡಿದು ಬೇಸಿಗೆಯಲ್ಲಿ ಬಿಡುತ್ತದೆ. ನೆರೆಯ ಮಟ್ಟ ತುಸು ತಗ್ಗಿದರೂ ಚಪ್ಪಟೆ ಬಯಲಿನಲ್ಲಿ ತುಂಬಾ ಜಾಗ ಒಣಗಿಯೇ ಉಳಿಯುತ್ತದೆ. ಗಿನಿಯ ಫೋಮಿ ಅಣೆಕಟ್ಟು ಯೋಜನೆಗೆ ಕೆಳಗಿನವರು ಹೆದರುವುದೂ ಇದಕ್ಕೇ. ಮಕ್ಕಳಿಂದ ತಿಂಗಳುವಾರು ಹರಿವಿನ ನಕ್ಷೆ ಬರೆಸಿ. ವರ್ಷದ ಮೊತ್ತ ನೋಡಿದರೆ ಈ ಏಟು ಕಾಣುವುದೇ ಇಲ್ಲ.

ತೋಡಿನ_ನೀರು:
ಕಡಲ ಕಡೆಯ ಮುಖಜಭೂಮಿಯಲ್ಲಿ ಕುತ್ತು ಕಚ್ಚಾ ತೈಲದ್ದು. ಪೈಪು ತುಕ್ಕು ಹಿಡಿದೋ, ಕದಿಯಲು ಕೊರೆದೋ ಸೋರಿದ ಎಣ್ಣೆ ಉಬ್ಬರದ ಜೊತೆ ಮ್ಯಾಂಗ್ರೋವ್ ಬೇರಿನ ಕೆಸರಿಗೆ ಇಳಿಯುತ್ತದೆ. ಮೇಲೆ ಬಾಚಿದರೆ ಅದು ಹೋಗದು. ನೈಜೀರಿಯಾದ ತೈಲ ಸೀಮೆ ಒಗೊನಿಲ್ಯಾಂಡ್‌ನ ಚೇತರಿಕೆಗೆ 25–30 ವರ್ಷ ಬೇಕೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2011ರಲ್ಲೇ ಹೇಳಿದೆ. ಅಲ್ಲಿನ ಒಂದೆಡೆ ಕುಡಿಯುವ ಬಾವಿಯಲ್ಲಿ ಕ್ಯಾನ್ಸರ್ ತರುವ ಬೆಂಜೀನ್, ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ 900 ಪಟ್ಟಿಗೂ ಹೆಚ್ಚಿತ್ತು.

ನೇರಳೆ ಹೂವಿನ ಜಲಕಳೆಯನ್ನೂ (ವಾಟರ್ ಹಯಸಿಂತ್) ಬಿಡಬೇಡಿ. ಅದು ರಾಶಿಯಾಗಿ ಕೊಳೆತಾಗ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ (ಪಲ್ಪಿಂಗ್) ನೀರು ತೋಡಿಗೆ ಬಿಟ್ಟಾಗಲೂ ಆಗುವುದು ಅದೇ, ನಮ್ಮ ಮಕ್ಕಳಿಗೆ ತಟ್ಟನೆ ತಿಳಿಯುತ್ತದೆ. ಕಳೆ ಕೀಳುವುದಾದರೆ ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು, ನೆರೆ ಮುಟ್ಟದಷ್ಟು ದೂರ ಗುಡ್ಡೆ ಹಾಕಬೇಕು. ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ.