ಹೋದ ವರ್ಷ ಕೊಟ್ಟವರು ಈ ವರ್ಷ ಯಾಕ ಕೊಡವಲ್ರು?

ಬಿಳಿಜೋಳ (ಯಲಬುರ್ಗಾ), ಫೆಬ್ರವರಿ 2025

ಎಲ್ಲರಿಗೂ ಶರಣ್ರಿ. ನಮ್ಮ ತಾಲೂಕಿನಾಗ ಒಂದು ಸಣ್ಣ ಟ್ರಸ್ಟಿನ ಲೆಕ್ಕ, ಫೋನು, ಪಾವತಿ (ರಸೀದಿ) ಪುಸ್ತಕ ಎಲ್ಲಾ ನಾನ ನೋಡ್ಕೊಂತೀನಿ. ದೀಪಾವಳಿ ಮುಗಿದ ಮ್ಯಾಲ ಗುಳೆ ಹೋಗೋರ ಮಕ್ಕಳು ಊರಾಗ ಉಳದು ಸಾಲಿ ಕಲೀಲಿ ಅಂತ ಆರು ತಿಂಗಳು ಊಟ, ವಸ್ತಿ ನಡಸ್ತೀವಿ. ಈ ಸಲ 38 ಮಕ್ಕಳು ಅದಾರ. ಅವ್ವ-ಅಪ್ಪ ಬೆಂಗಳೂರಾಗ ಸೆಂಟ್ರಿಂಗ್ ಕೆಲಸಕ್ಕೋ, ಗೋವಾಕ್ಕೋ ಹೋಗ್ಯಾರ. ತಿರುಗಿ ಬರೋದು ಮುಂಗಾರಿಗೇ.

ಹೋದ ವರ್ಷ 112 ಮಂದಿ ರೊಕ್ಕ ಕೊಟ್ಟಿದ್ರು. ಅವರೊಳಗ ಈ ವರ್ಷ ತಿರುಗಿ ಕೊಟ್ಟವರು 29. ಬಣ್ಣದ ಕರಪತ್ರ ಹಾಕ್ಸಿದ್ವಿ, ದೊಡ್ಡ ದಾನಿಗಳಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ವಿ, ವಾಟ್ಸಾಪಿನಾಗ ಎಲ್ಲರಿಗೂ ಸಂದೇಶ ಕಳಿಸಿದ್ವಿ. ಏನೂ ಹತ್ತಲಿಲ್ಲ. ಏಪ್ರಿಲ್ ತನಕ ಅಕ್ಕಿ-ಬ್ಯಾಳಿ ಸಾಲಂಗಿಲ್ಲ.

ಹೋದ ತಿಂಗಳು ಕೊಪ್ಪಳದ ಗವಿಮಠದ ಜಾತ್ರಿಗೆ ನಮ್ಮೂರಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಹೋದುವು. ಯಾರೂ ಕರಪತ್ರ ಹಂಚಿಲ್ಲ. ನಮ್ಮವ್ವ ಎರಡು ದಿನ ಒಲಿ ಮುಂದ ಕುಂತು ರೊಟ್ಟಿ ಬಡದಳು. ಅದ ಅವ್ವಗ "ನಮ್ಮ ಮಕ್ಕಳಿಗೂ ಒಂದೀಟು ಬಡದು ಕೊಡಬೇ" ಅಂದ್ರ, "ನಿಮಗ ಸರಕಾರದವರು ಕೊಡ್ತಾರಲ್ಲಪಾ" ಅಂತಾಳ! ಸರಕಾರದ ಒಂದು ರೂಪಾಯಿ ಇಲ್ರಿ ನಮಗ.

ಇನ್ನೊಂದು ಮಾತು. ಒಬ್ಬಾಂವ ಬಂದು, ಕಂಪನಿಯಿಂದ ಸಿಎಸ್‌ಆರ್ ರೊಕ್ಕ (ಕಂಪನಿಗಳು ಸಮಾಜದ ಕೆಲಸಕ್ಕ ಕೊಡೋ ರೊಕ್ಕ) ಕೊಡಸ್ತೀನಿ, ನನಗ ನೂರಕ್ಕ ಹದಿನೈದು ಕೊಡ್ರಿ ಅಂತಾನ. ಹೂಂ ಅನ್ನಲೋ ಬ್ಯಾಡೋ?

ಗುಮಾಸ್ತ_ಗಂಗಾವತಿ

ತಮ್ಮಾ, ನಾ ರೈಸ್ ಮಿಲ್ಲಿನಾಗ ಲೆಕ್ಕ ಬರಿಯಾಂವ. ನಿಮ್ಮ ಟ್ರಸ್ಟ್ ನನಗ ಗೊತ್ತಿಲ್ಲ. ಆದ್ರ ಕೊಡೂದು ಬಿಟ್ಟಾಂವ ನಾನೂ ಹೌದು, ಅದಕ್ಕ ಹೇಳ್ತೀನಿ.

ಒಂದು ಸಂಸ್ಥೆಗೆ 5,000 ಕೊಟ್ಟಿದ್ದೆ. ಮಗಳಿಗೆ ನೌಕರಿ ಆದ ಖುಷಿಗೆ. ಕೊಡುವಾಗ ಅದನ್ನ ಹೇಳಿದ್ದೆ ಕೂಡ. ಆಮ್ಯಾಲ ಹನ್ನೊಂದು ತಿಂಗಳು ಸುದ್ದಿ ಇಲ್ಲ. ಮಾರ್ಚ್ ಬಂದಕೂಡಲೇ "ಆತ್ಮೀಯ ದಾನಿಗಳೇ" ಅಂತ ಒಂದು ಸಂದೇಶ. ನನ್ನ ಹೆಸರಿಲ್ಲ, ಮಗಳ ಮಾತಂತೂ ದೂರ ಉಳೀತು. ಅದ ಸಂದೇಶ ನಮ್ಮ ಸೌಕಾರಗೂ ಬಂದಿತ್ತು. ಇಬ್ಬರೂ ನಕ್ಕು ಅಳಿಸಿದ್ವಿ.

ಶಾಲಿನ ಮಾತು ಕೇಳು. ಸೌಕಾರನ ಮನ್ಯಾಗ ಶಾಲು ಇಡಾಕ ಜಾಗ ಇಲ್ಲ. ಪ್ರತಿ ಶಾಲು ನೋಡಿದಾಗ "ನಾ ಕೊಟ್ಟ ರೊಕ್ಕದಾಗ ಇದನ್ನ ತಂದಾರ" ಅಂತಾರ. ಅವರನ್ನ ಒಂದು ಸಲ ಕರಕೊಂಡು ಹೋಗಿ ಮಕ್ಕಳ ಜೋಡಿ ಪಂಕ್ತ್ಯಾಗ ಕುಂದರಿಸಿ ಉಣ್ಣಾಕ ಹಾಕು. ರೊಕ್ಕದ ಮಾತು ಅವತ್ತು ಎತ್ತಬ್ಯಾಡ.

ಮತ್ತ ಎಲ್ಲರಿಗೂ ಒಂದ ತಿಂಗಳಾಗ ಕೇಳಿದ್ರ ಆಗಂಗಿಲ್ಲ. ಕಾಲುವಿ ಕಡೆ ನೆಲ್ಲಿನ ರೊಕ್ಕ ಕೈಗೆ ಬರೂದು ಡಿಸೆಂಬರ್ ಸುಮಾರಿಗೆ, ಎರಡನೇ ಬೆಳಿ ಇದ್ರ ಮತ್ತ ಮೇ ಹೊತ್ತಿಗೆ. ನಿಮ್ಮ ಎರಿ ಹೊಲದ ಬಿಳಿಜೋಳದ ರಾಶಿ ಈಗ ಆಗ್ತೈತಿ. ಈಗ ಹೋಗಿ ರೊಕ್ಕ ಬ್ಯಾಡ, ಮನಿಗೆ ಒಂದು ಸೇರು ಜೋಳ ಕೇಳು. ರಾಶಿ ಕಣದಾಗ ಬರಿಗೈಲೆ ಕಳಸೂ ರೈತ ಇನ್ನೂ ಹುಟ್ಟಿಲ್ಲ.

ರಾಯಚೂರು_ಲೆಕ್ಕಿಗ

ಕಮಿಷನ್ ಕೇಳಿದವನನ್ನು ಬಾಗಿಲಿಂದಲೇ ಕಳಿಸಿ. ಸಿಎಸ್‌ಆರ್ ಎಂಬುದು 2013ರ ಕಂಪನಿ ಕಾಯ್ದೆಯ 135ನೇ ಕಲಮಿನದು. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ ಎರಡರಷ್ಟನ್ನು ಖರ್ಚು ಮಾಡಬೇಕು. ತಾನು ಕೆಲಸ ಮಾಡುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆಯಲ್ಲೇ ಇದೆ. ಅರ್ಜಿ ನೀವೇ ಹಾಕಬಹುದು, ನಡುವೆ ದಲಾಲಿ ಬೇಕಿಲ್ಲ. ಏಪ್ರಿಲ್ 2021ರಿಂದ ಸಿಎಸ್‌ಆರ್-1 ನೋಂದಣಿ ಇಲ್ಲದ ಸಂಸ್ಥೆಗೆ ಈ ಹಣ ಕೊಡುವಂತಿಲ್ಲ, ಮೊದಲು ಅದನ್ನು ಮಾಡಿಸಿ. ಆದರೆ 38 ಮಕ್ಕಳ ಊಟಕ್ಕೆ ಈಗಲೇ ಅದನ್ನು ನಂಬಿ ಕೂರಬೇಡಿ, ಮಂಜೂರಾತಿ ಬರುವಷ್ಟರಲ್ಲಿ ಮಕ್ಕಳ ಅಪ್ಪ-ಅಮ್ಮಂದಿರೇ ವಾಪಸು ಬಂದಿರುತ್ತಾರೆ.

ನನಗೆ ಅನುಮಾನ ಇರುವುದು ಬೇರೆ ಕಡೆ. 80ಜಿ, ಅಂದರೆ ದಾನಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವಂಥ ನೋಂದಣಿ, ನಿಮ್ಮ ಟ್ರಸ್ಟಿಗೆ ಇದೆಯೇ? ಇದ್ದರೆ ಹೋದ ವರ್ಷದ ದಾನದ ವಿವರವನ್ನು ತೆರಿಗೆ ಇಲಾಖೆಗೆ ಕೊಡುವ 10ಬಿಡಿ ನಮೂನೆಯನ್ನು ಮೇ 31ರೊಳಗೆ ತುಂಬಿದ್ದೀರಾ? ಅದನ್ನು ತುಂಬದಿದ್ದರೆ ದಾನಿಗೆ 10ಬಿಇ ಪ್ರಮಾಣಪತ್ರ ಹುಟ್ಟುವುದೇ ಇಲ್ಲ, ಅದಿಲ್ಲದೆ ಅವರಿಗೆ ವಿನಾಯಿತಿ ಸಿಗುವುದಿಲ್ಲ. ತಡವಾದರೆ ದಿನಕ್ಕೆ 200 ರೂಪಾಯಿ ನಿಮ್ಮ ಮೇಲೆ. 2,000ಕ್ಕಿಂತ ಹೆಚ್ಚು ನಗದು ಕೊಟ್ಟವರಿಗೂ ವಿನಾಯಿತಿ ಇಲ್ಲ, ಕಾಳು-ಬಟ್ಟೆ ಕೊಟ್ಟವರಿಗೂ ಇಲ್ಲ. ಇದನ್ನು ಹಣ ತೆಗೆದುಕೊಳ್ಳುವಾಗಲೇ ಹೇಳಬೇಕು. ಹೊಸ ತೆರಿಗೆ ಪದ್ಧತಿಗೆ ಹೋದ ಸಂಬಳದಾರರಿಗೆ 80ಜಿ ಲಾಭವೇ ಇಲ್ಲ, ಅವರ ಮುಂದೆ ತೆರಿಗೆಯ ಪುರಾಣ ಓದಬೇಡಿ.

ಟೀಚರಮ್ಮ_ಬಳ್ಳಾರಿ

ಮಗೂ, ಕರಪತ್ರದಲ್ಲಿ ಮಕ್ಕಳ ಅಳುವ ಮುಖ ಹಾಕಿದ್ದೀಯೇನಪ್ಪ? ಹಾಕಿದ್ದರೆ ತೆಗೆದುಬಿಡು. ಆ ಮಗು ನಾಳೆ ಅದೇ ಊರಲ್ಲಿ ಕಾಲೇಜಿಗೆ ಹೋಗಬೇಕು. ಬಿಟ್ಟುಹೋದ 83 ಜನಕ್ಕೂ ನೀನೇ ಫೋನ್ ಮಾಡು. ಕೇಳಬೇಡ, ಹೇಳು. ಅವರ ದುಡ್ಡಲ್ಲಿ ಏನಾಯಿತು ಅಂತ ಎರಡು ಮಾತು, ಸಾಕು.

ಬಿಳಿಜೋಳ, ಮೂರು ವಾರದ ಮ್ಯಾಲ

ಅಕ್ಕಾರ, ಒಂದು ಅಳೂ ಮುಖ ಇತ್ರಿ. ಉಳದ ಕರಪತ್ರ ಎಲ್ಲಾ ಒಲಿಗೆ ಹಾಕಿದ್ವಿ.

ದಿನಾ ಸಂಜಿ ಐದಾರು ಮಂದಿಗೆ ಫೋನ್ ಹಚ್ಚಿದೆ. ಮೊದಲನೇ ದಿನ ನಾಲಿಗಿ ಒಣಗಿತ್ತು. 61 ಮಂದಿ ಎತ್ತಿದ್ರು. ನಮ್ಮ ಕೆಲಸ ಚಲೋ ಇಲ್ಲ ಅಂದಾಂವ ಒಬ್ಬನೂ ಇಲ್ಲ. "ನೀವು ಇನ್ನೂ ನಡಸ್ತೀರೇನು? ಮುಚ್ಚೀರಿ ಅಂತ ತಿಳದಿದ್ದೆ" ಅಂದವರು ಏಳು ಮಂದಿ. ಕುಷ್ಟಗಿಯ ಒಬ್ಬ ಮಾಸ್ತರು "ನನಗ ಪಾವತಿನ ಮುಟ್ಟಿಲ್ಲ" ಅಂದ್ರು. ನಾ ಸಿಟ್ಟಿಲೆ, ಕಳಿಸೀನ್ರಿ ಅಂತ ವಾದ ಮಾಡಿದೆ. ಆಮ್ಯಾಲ ನನ್ನ ಟೇಬಲ್ ಖಾನಿ ತೆಗದು ನೋಡಿದ್ರ ಬರದು ಕಳಿಸದ ಪಾವತಿ ಹದಿನಾಲ್ಕು ಅದಾವ. ಅವರದೂ ಅದರಾಗ ಐತಿ. ಮರುದಿನ ಬಸ್ ಹತ್ತಿ ಹೋಗಿ ಕೈಯಾಗ ಕೊಟ್ಟು ತಪ್ಪಾತ್ರಿ ಅಂದೆ. ಚಾ ಕುಡಿಸಿದ್ರು. ರೊಕ್ಕ ಕೊಡಲಿಲ್ಲ, ನಾನೂ ಕೇಳಲಿಲ್ಲ.

61ರಾಗ 18 ಮಂದಿ ತಾವ ಕಳಿಸ್ಯಾರ. ಎರಡು ಊರಿನ ಕಣ ತಿರುಗಿದ್ದಕ್ಕ ಮೂರೂವರಿ ಚೀಲ ಜೋಳ ಆತು. ಗುಮಾಸ್ತ ಅಣ್ಣಾರ, ನಿಮ್ಮ ಮಾತು ಖರೆ. 10ಬಿಡಿ ತುಂಬಿದ್ದಿಲ್ರಿ ಲೆಕ್ಕಿಗ ಸರ, ದಂಡ ಎಷ್ಟಾಗ್ತೈತಿ ಅಂತ ಲೆಕ್ಕ ಹಾಕಾಕ ಧೈರ್ಯ ಸಾಲವಲ್ದು. ನಿಮಗ ಒಂದು ಖಾಸಗಿ ಸಂದೇಶ ಕಳಿಸೀನಿ, ನೋಡ್ರಿ.

ಅವ್ವ ಮೊನ್ನಿ ಹಾಸ್ಟೆಲಿಗೆ ಬಂದಿದ್ದಳು. ಹುಡುಗರು ಉಣ್ಣೂದನ್ನ ನೋಡಿ, "ಎಷ್ಟು ದಪ್ಪ ಬಡೀತಾರಪಾ ರೊಟ್ಟಿ ಇಲ್ಲೆ, ಹಲ್ಲು ಮುರೀತಾವ" ಅಂದು ಹೋದಳು. ಸೋಮವಾರ ನಲವತ್ತು ರೊಟ್ಟಿ ಬಂದುವು. ರಿಜಿಸ್ಟರಿನಾಗ ಬರಕೊಂಡೀನಿ. ಪಾವತಿ ಹರದು ಕೊಟ್ರ ಬೈತಾಳ.