ಕುಂಡ ತೂಗುಹಾಕುವ ಮ್ಯಾಕ್ರಮೆಗೆ ಹತ್ತಿ ದಾರವೋ ನೈಲಾನೋ?

ಹಾಸನದಿಂದ ಪ್ರಶ್ನೆ: ಮೂಡಿಗೆರೆ ಕಡೆಯ ಹೋಂಸ್ಟೇಯೊಂದರ ಜಗಲಿಗೆ ಮ್ಯಾಕ್ರಮೆಯ, ಅಂದರೆ ದಾರಕ್ಕೆ ಗಂಟು ಹಾಕುತ್ತ ಹೆಣೆದ, ಒಂದು ಮೀಟರ್ ಉದ್ದದ ಇಪ್ಪತ್ತು ಕುಂಡದ ತೂಗುಗಳು ಬೇಕಂತೆ. ಯಾವ ದಾರ ಬಳಸಲಿ? ಒಂದಕ್ಕೆ ಎಷ್ಟು ಕೇಳಲಿ? ಅನುಭವ ಇದ್ದವರು ತಿಳಿಸಿ.

ಸಕಲೇಶಪುರದ ಮಳೆ: ಹತ್ತಿಯ ಮಾತೇ ಬೇಡ. ನಾಲ್ಕು ಮಿಲಿಮೀಟರಿನ ಒಂದೆಳೆ ದಾರವನ್ನು ಕಿಲೋಗೆ 480 ರೂಪಾಯಿಯಂತೆ ತರಿಸಿದೆ. ಕೊರಿಯರಿಗೆ 190 ಬೇರೆ. ಉಂಡೆ ಬಿಚ್ಚಿದರೆ ಒಳಸುತ್ತು ತೇವ. ಮಾರಿದವರಿಗೆ ಫೋಟೋ ಕಳುಹಿಸಿದ್ದಕ್ಕೆ ‘ಬಿಸಿಲಿಗೆ ಹಾಕಿ ಮೇಡಂ’ ಎಂದರು. ಜುಲೈ ತಿಂಗಳಲ್ಲಿ, ಸಕಲೇಶಪುರದಲ್ಲಿ, ಬಿಸಿಲು! ಕುಂಡಕ್ಕೆ ಹಾಕಿದ ನೀರು ಇಳಿದು ನಿಲ್ಲುವುದು ತಳದ ಗಂಟಿನಲ್ಲೇ, ಬೂಷ್ಟು ಹತ್ತಿದ್ದೂ ಅಲ್ಲಿಂದಲೇ. ವಿನಿಗರ್ ನೀರಿನಲ್ಲಿ ನೆನೆಸಿದರೆ ವಾಸನೆ ಹೋಯಿತು, ಕಪ್ಪು ಚುಕ್ಕೆ ಉಳಿಯಿತು. ಬ್ಲೀಚಿಗೆ ಚುಕ್ಕೆ ಹೋಯಿತು, ಜೊತೆಗೆ ದಾರದ ಜೀವವೂ ಹೋಯಿತು. ಈಗ ನೈಲಾನ್ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ತುದಿಯನ್ನು ಬೆಂಕಿಗೆ ತಾಗಿಸಿದರೆ ಸಾಕು, ಎಳೆ ಬಿಚ್ಚಿಕೊಳ್ಳುವುದಿಲ್ಲ.

ಕುಚ್ಚು ಕಟ್ಟುವವಳು, ಹಾಸನ: ಜಗಲಿಗೆ ಕಟ್ಟಿ ಹತ್ತಿಯನ್ನು ಬೈಯುವುದು ಯಾವ ನ್ಯಾಯ? ಅದು ನಡುಮನೆಯ ವಸ್ತು. ನನ್ನ ಗೋಡೆತೂಗು ಎಷ್ಟೋ ಮಳೆಗಾಲ ಕಂಡಿದೆ, ಕುಚ್ಚನ್ನು ಬಾಚಣಿಗೆಯಿಂದ ಬಾಚಿದರೆ ಇಂದಿಗೂ ರೇಷ್ಮೆಯಂತೆ ಬೀಳುತ್ತದೆ. ನಿಮ್ಮ ನೈಲಾನಿನಲ್ಲಿ ಬಾಚಿ ತೋರಿಸಿ! ಅಂದಹಾಗೆ ಅದು ನೈಲಾನ್ ಹೌದೋ ಅಲ್ಲವೋ, ಒಂದು ತುಂಡನ್ನು ನೀರಿಗೆ ಹಾಕಿ ನೋಡಿ. ನೈಲಾನ್ ಮುಳುಗುತ್ತದೆ, ಪಾಲಿಪ್ರೊಪಿಲೀನ್ ಎಂಬ ಇನ್ನೊಂದು ಪ್ಲಾಸ್ಟಿಕ್ ದಾರ ತೇಲುತ್ತದೆ. ನನಗೆ ನೈಲಾನ್ ಎಂದು ಕೊಟ್ಟದ್ದು ತೇಲಿತು, ಬಿಸಿಲು ಬೀಳುವ ಕಿಟಕಿಯಲ್ಲಿ ಪುಡಿಯಾಗಿ ಉದುರಿತು. ಕುಂಡ ಹೋದದ್ದು 350 ರೂಪಾಯಿ, ಅದರಲ್ಲಿದ್ದ ಆರ್ಕಿಡ್‌ಗೆ ಬೆಲೆ ಕಟ್ಟಲಾರೆ.

ಸಕಲೇಶಪುರದ ಮಳೆ: ಅಗ್ಗದ ದಾರ ಕೊಂಡರೆ ಉದುರದೆ ಇನ್ನೇನು? ನನ್ನದು ಮುಳುಗುತ್ತದೆ, ಆಗಲೇ ನೋಡಿದೆ.

ಅರಸೀಕೆರೆ ಹುರಿ: ಇಬ್ಬರೂ ಸುಮ್ಮನಿರಿ. ಬೆಣ್ಣೆ ಗಡಿಗೆಗೆ ನೆಲುವು ಹೆಣೆದ ಮನೆಗಳಲ್ಲಿ ಹತ್ತಿ, ನೈಲಾನ್ ಎಂಬ ಜಗಳವಿತ್ತೇ? ತೆಂಗಿನ ನಾರಿನ ಹುರಿ ನೀರಿಗೆ ಅಷ್ಟು ಸುಲಭವಾಗಿ ಕೊಳೆಯುವುದಿಲ್ಲ, ಬಾವಿಗೇ ಇಳಿಯುತ್ತಿತ್ತು. ನಾನು ಅದರಲ್ಲೇ ಸ್ಕ್ವೇರ್ ಗಂಟು, ಅಂದರೆ ನಡುವಿನ ಎಳೆಗಳಿಗೆ ಅಕ್ಕಪಕ್ಕದ ಎಳೆ ಸುತ್ತಿ ಬಿಗಿಯುವ ಗಂಟು, ಹಾಕುತ್ತೇನೆ. ಒಪ್ಪುತ್ತೇನೆ, ಅಂಗೈ ಸುಲಿಯುತ್ತದೆ. ಒಬ್ಬ ಗಿರಾಕಿ ‘ಸೋಫಾ ಮೇಲೆ ನಾರು ಉದುರುತ್ತದೆ’ ಎಂದು ಮೂರು ತೂಗು ವಾಪಸು ತಂದು, ಕೊಟ್ಟ ಮುಂಗಡವನ್ನೂ ಕೇಳಿದ. ಕೊಡಲಿಲ್ಲ. ಸೋಫಾ ಮೇಲೆ ತೂಗುಹಾಕಲು ಹೇಳಿದವರು ಯಾರು?

ಕುಚ್ಚು ಕಟ್ಟುವವಳು, ಹಾಸನ: ಮುಂಗಡ ನುಂಗಿದ್ದನ್ನು ಹೆಮ್ಮೆಯಿಂದ ಬೇರೆ ಹೇಳಿಕೊಳ್ಳುತ್ತೀರಲ್ಲ ಸ್ವಾಮಿ! ಇಂಥವರಿಂದಲೇ ಕೈಕೆಲಸದವರೆಂದರೆ ಜನ ಅನುಮಾನಿಸುವುದು.

ಅರಸೀಕೆರೆ ಹುರಿ: ಹುರಿಗೆ, ತೂಗಿನ ಮೇಲ್ತುದಿಯ ಕಬ್ಬಿಣದ ಬಳೆಗೆ ಕೈಯಿಂದ ದುಡ್ಡು ಹಾಕಿದವನು ನಾನು. ಕಿಟಕಿ ಪಕ್ಕ ಕುಳಿತು ಕುಚ್ಚು ಬಾಚುವವರಿಗೆ ಅದು ತಿಳಿಯದು.

ಚಿಕ್ಕಮಗಳೂರು ಕಾಫಿಗಿಡ: ದರದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಬಳೆಗೆ ನಾಲ್ಕು ದಾರ ಮಡಚಿ ಹಾಕಿದರೆ ಕೆಳಗೆ ಎಂಟು ಎಳೆ. ಒಂದು ಮೀಟರ್ ತೂಗಿಗೆ ಪ್ರತಿ ದಾರ ಎಂಟು ಮೀಟರ್, ಒಟ್ಟು 32. ಗಂಟು ಒತ್ತೊತ್ತಾಗಿದ್ದರೆ ಅದೂ ಸಾಲದು, ಸುತ್ತುವ ಎಳೆ ಮುಗಿಯುತ್ತ ಬರುವಾಗ ನಡುವಿನ ಎಳೆ ಹಾಗೇ ಉದ್ದ ಉಳಿದಿರುತ್ತದೆ. ಎರಡನ್ನೂ ಅದಲುಬದಲು ಮಾಡುತ್ತ ಹೋಗಬೇಕು. ನನಗೆ ಒಂದಕ್ಕೆ ದಾರ 110, ಬಳೆ 25, ಮಣಿ 40 ಬಿದ್ದಿತ್ತು. ರೆಸಾರ್ಟಿನವರು 200 ಎಂದರು. ಒಂದು ಸಂಜೆಯ ಕೂಲಿ 25 ರೂಪಾಯಿ! ‘ನಮ್ಮ ಪೇಜಿನಲ್ಲಿ ನಿಮ್ಮ ಹೆಸರು ಹಾಕುತ್ತೇವೆ’ ಎಂದದ್ದು ಬೇರೆ. ಹೆಸರು ಹಾಕಿದರು, ಅದೂ ತಪ್ಪಾಗಿ.

ಸಕಲೇಶಪುರದ ಮಳೆ: 200ಕ್ಕೆ ಒಪ್ಪಿದ್ದು ನೀವೇನಾ? ಅದೇ ದರ ಹಿಡಿದುಕೊಂಡು ಇಲ್ಲಿಯವರೂ ನನ್ನ ಹತ್ತಿರ ಚೌಕಾಸಿ ಮಾಡುತ್ತಾರೆ.

ಚಿಕ್ಕಮಗಳೂರು ಕಾಫಿಗಿಡ: ಒಪ್ಪಿದೆ ಎಂದು ಎಲ್ಲಿ ಬರೆದಿದ್ದೇನೆ? 350ಕ್ಕೆ ಮುಗಿಸಿದೆ. ಅರಸೀಕೆರೆಯವರೇ, ನಿಮ್ಮ ಹುರಿ ಕಿಲೋಗೆ ಎಷ್ಟು?

ಅರಸೀಕೆರೆ ಹುರಿ: ಮೊದಲು ಆ ಕುಚ್ಚಿನವರು ಕ್ಷಮೆ ಕೇಳಲಿ, ಆಮೇಲೆ ಹೇಳುತ್ತೇನೆ.