ಮಲೆನಾಡಿನ ಹಿತ್ತಲಲ್ಲಿ ಯಾವ ಮಳೆಗೆ ಯಾವ ತರಕಾರಿ? ಬೆಳೆದವರು ಹೇಳಿ

ಹಾವೇರಿ ಹುಡುಗಿ, ಈಗ ತೀರ್ಥಹಳ್ಳಿ:
ಎಲ್ಲರಿಗೂ ನಮಸ್ಕಾರ. ಯಜಮಾನರ ಕೆಲಸದ ಸಲುವಾಗಿ ತೀರ್ಥಹಳ್ಳಿ ಹತ್ತಿರ ಮನೆ ಮಾಡೇವಿ. ಹಿತ್ತಲಲ್ಲಿ ಎರಡು ಗುಂಟೆಯಷ್ಟು ಜಾಗ ಐತಿ, ಬಾವಿನೂ ಐತಿ. ನಮ್ಮೂರಾಗ ಮಳಿ ಬಿದ್ದ ಕೂಡ್ಲೇ ಮೆಣಸಿನ ಸಸಿ, ಟೊಮೆಟೊ, ಬದನಿ ಹಚ್ತೀವಿ. ಇಲ್ಲಿ ಬಾಜೂ ಮನಿ ಅಜ್ಜಿ "ಈಗ ಬ್ಯಾಡ, ಮಳೆ ಬಿಡ್ಲಿ" ಅಂತಾರ. ಮಳೆಗಾಲದಾಗ ತರಕಾರಿ ಬೆಳೀಬಾರದೇನು? ಯಾವ ತಿಂಗಳಿಗೆ ಏನು ಹಾಕಬೇಕು? ಇನ್ನೊಂದು, ಅವರ ಹಿತ್ತಲದಾಗ ಟೊಮೆಟೊ ಗಿಡ ಹಸಿರು ಇದ್ದಂಗ ಜೋತು ಬಿದ್ದು ಸತ್ತು ಹೋದ್ವು. ಅದು ಯಾಕ?

ಹಿತ್ತಲ ಗಿಡ, ಹೊಸನಗರ:
ಅಜ್ಜಿ ಹೇಳಿದ್ದು ಸರಿ ತಂಗಿ. ನಿಮ್ಮ ಕಡೆ ಮಳೆ ಅಂದ್ರೆ ಗಿಡಕ್ಕೆ ನೀರು. ಇಲ್ಲಿ ಆರಿದ್ರಾ ಹಿಡೀತು ಅಂದ್ರೆ ಆಶ್ಲೇಷ ಮುಗಿಯೋ ತನಕ, ಅಂದ್ರೆ ಜೂನ್ ಮೂರನೇ ವಾರದಿಂದ ಆಗಸ್ಟ್ ಅರ್ಧದವರೆಗೆ, ಬಿಸಿಲೇ ಕಾಣೋದಿಲ್ಲ. ಆ ಹೊತ್ತಲ್ಲಿ ಬೀಜ ಹಾಕಿದ್ರೆ ಮೊಳಕೆ ಬರೋ ಮೊದಲೇ ಕೊಳೀತದೆ. ಹುಟ್ಟಿದ್ದನ್ನ ಬಸವನಹುಳು ಬಿಡೋದಿಲ್ಲ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ನಮ್ಮ ಹಿತ್ತಲಿಗೆ ವರ್ಷಕ್ಕೆ ಎರಡು ಶುರು. ಮೊದಲನೇದು ಮೇ ತಿಂಗಳ ಅಡ್ಡಮಳೆ ಬಿದ್ದಾಗ. ಹೀರೆ, ಪಡವಲ, ಹಾಗಲ, ಮುಳ್ಳುಸೌತೆ, ಬೆಂಡೆ ಬೀಜ ರೋಹಿಣಿ ಮಳೆ ಒಳಗೆ ಮಣ್ಣಿಗೆ ಬಿದ್ದಿರಬೇಕು. ದೊಡ್ಡ ಮಳೆ ಬರೋಷ್ಟರಲ್ಲಿ ಬಳ್ಳಿ ಚಪ್ಪರಕ್ಕೆ ಕೈ ಹಾಕಿದ್ರೆ ಬದುಕಿತು, ಗೌರಿ ಹಬ್ಬಕ್ಕೆ ಕಾಯಿ ಸಿಗ್ತದೆ. ನೆಲದಲ್ಲೇ ಹರಿದಾಡ್ತಾ ಇದ್ರೆ ಹೋಯ್ತು. ಕೆಸು, ಸುವರ್ಣಗಡ್ಡೆ, ಅರಿಶಿನ, ಶುಂಠಿ ಗಡ್ಡೆಗಳಿಗೂ ಇದೇ ಸಮಯ. ಬಸಳೆ, ತೊಂಡೆ ತುಂಡು ನೆಟ್ಟರೆ ಸಾಕು, ಬರ್ತವೆ. ತೊಂಡೆ ಮಾತ್ರ ಕಾಯಿ ಬಿಡೋ ಬಳ್ಳಿಯಿಂದಲೇ ತುಂಡು ತನ್ನಿ. ಅದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ.

ಮಡಿ ಒಂದು ಮೊಳ ಎತ್ತರ ಇರ್ಲಿ, ಸುತ್ತ ಬಸಿಗಾಲುವೆ. ಮಣ್ಣು ಜಾರದ ಹಾಗೆ ಅಂಚಿಗೆ ಅಡಿಕೆ ಮರ ಸೀಳಿದ ದಬ್ಬೆ ಕೊಡಿ. ಹರಿವೆ ಬೇಕೇ ಬೇಕು ಅಂದ್ರೆ ಮೇಲೆ ಅಡಿಕೆ ಸೋಗೆಯ ಮಾಡು, ಅಂದ್ರೆ ಸೂರು, ಹಾಕ್ಬೇಕು, ಇಲ್ಲಾಂದ್ರೆ ಹನಿ ಹೊಡೆತಕ್ಕೆ ಎಲೆಯೆಲ್ಲ ಮಣ್ಣಾಗಿ ತೂತು ಬೀಳ್ತದೆ.

ಎರಡನೇ ಶುರು ಹುಬ್ಬೆ ಮಳೆಯಲ್ಲಿ, ಅಂದ್ರೆ ಆಗಸ್ಟ್ ಕೊನೆ. ನನ್ನ ಲೆಕ್ಕದಲ್ಲಿ ಅದೇ ನಿಜವಾದ ತರಕಾರಿ ವರ್ಷ. ಮೆಣಸು, ಬದನೆ, ಟೊಮೆಟೊ ಬೀಜ ಮಾಡಿನ ಕೆಳಗೆ ಚೆಲ್ಲಿ, ಸಸಿಯನ್ನ ಹಸ್ತ ಅಥವಾ ಚಿತ್ತೆ ಮಳೆಯಲ್ಲಿ, ಅಂದ್ರೆ ಅಕ್ಟೋಬರ್ ಹೊತ್ತಿಗೆ, ಕಿತ್ತು ನೆಡಿ. ನವರಾತ್ರಿ ಕಳೆದ ಮೇಲೆ ಮೂಲಂಗಿ, ಕೊತ್ತಂಬರಿ, ಮೆಂತ್ಯ. ದೀಪಾವಳಿ ಆದ್ಮೇಲೆ ಬೀನ್ಸ್, ನವಿಲುಕೋಸು. ಯುಗಾದಿ ತನಕ ಪೇಟೆ ತರಕಾರಿ ನೆನಪಾಗೋದಿಲ್ಲ. ಧನುರ್ಮಾಸದ ಇಬ್ಬನಿಗೆ ಎಲೆ ಮೇಲೆ ಬೂದಿ ರೋಗ ಹಿಡೀತದೆ, ಆಗ ಸಂಜೆ ನೀರು ಬೇಡ. ಬೆಳಗ್ಗೆ ಬುಡಕ್ಕೆ ಮಾತ್ರ ಹಾಕಿ.

ಬಿಸಿಲು ಮನೆ, ಶಿಕಾರಿಪುರ:
ಅಕ್ಕ ಹೇಳಿದ್ದು ಹೊಸನಗರಕ್ಕೆ, ತೀರ್ಥಹಳ್ಳಿಗೆ ಸರಿ. ಇಡೀ ಶಿವಮೊಗ್ಗ ಜಿಲ್ಲೆಗೇ ಹೇಳಬೇಡಿ ದಯವಿಟ್ಟು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಬೀಳುತ್ತೆ, ನಮ್ಮಲ್ಲಿ ಅದರ ಕಾಲು ಭಾಗವೂ ಇಲ್ಲ. ನಾವು ಹಾವೇರಿಯವರ ಥರಾನೇ ಜೂನ್‌ನಲ್ಲಿ ಮೆಣಸು, ಬದನೆ ಹಾಕ್ತೀವಿ, ಬರುತ್ತೆ. ಪೂರ್ವಕ್ಕೆ ಹೋದಷ್ಟೂ ಜೂನ್ ಒಳ್ಳೇದು, ಘಾಟಿ ಹತ್ತಿರ ಹೋದಷ್ಟೂ ಸೆಪ್ಟೆಂಬರ್ ಒಳ್ಳೇದು. ಯೂಟ್ಯೂಬ್ ನೋಡಿ ಹಾಕೋರು ವಿಡಿಯೊ ಮಾಡಿದವರ ಊರು ಯಾವುದು ಅಂತ ಮೊದಲು ನೋಡಿ.

ತೋಟಗಾರಿಕೆ ಓದಿದವ, ಶಿವಮೊಗ್ಗ:
ಮೇಡಂ, ಟೊಮೆಟೊ ಬಗ್ಗೆ. ಎಲೆ ಹಳದಿಯಾಗದೆ, ಹಸಿರಿದ್ದ ಹಾಗೇ ಗಿಡ ಸೊರಗಿದರೆ ಬಹುಮಟ್ಟಿಗೆ ಅದು ದುಂಡಾಣು ಸೊರಗು ರೋಗ. ಮನೆಯಲ್ಲೇ ನೋಡಬಹುದು. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಚೂಪು ಚಾಕುವಿನಲ್ಲಿ ಕೊಯ್ಯಿರಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕೊಯ್ದ ತುದಿ ನೀರಿಗೆ ತಾಗುವಂತೆ ಕಾಂಡವನ್ನು ಅಲುಗಾಡದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನ ಬಣ್ಣದ ಸಣ್ಣ ಎಳೆ ನೇರ ಕೆಳಗೆ ಇಳಿಯುತ್ತೆ. ಇಳಿದರೆ ಅದೇ ರೋಗ. ಎಳೆ ಇಲ್ಲದಿದ್ದರೆ ಬೇರು ಕೊಳೆತಿದೆಯಾ, ನೀರು ನಿಂತಿದೆಯಾ ಅಂತ ಹುಡುಕಿ.

ಈ ಬ್ಯಾಕ್ಟೀರಿಯಾದ ಹೆಸರು ರಾಲ್‌ಸ್ಟೋನಿಯಾ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತೆ, ಹರಿಯುವ ನೀರಿನ ಜೊತೆ ಮಡಿಯಿಂದ ಮಡಿಗೆ ಹೋಗುತ್ತೆ. ನಮ್ಮ ಹುಳಿ ಮಣ್ಣು, ಬೆಚ್ಚನೆ ತೇವ ಎರಡೂ ಅದಕ್ಕೆ ಅನುಕೂಲ. ಗಿಡ ಸೊರಗಿದ ಮೇಲೆ ಏನು ಸಿಂಪಡಿಸಿದರೂ ದುಡ್ಡು ದಂಡ. ಅಂಗಡಿಯವರು ಏನೋ ಒಂದು ಬಾಟಲಿ ಕೊಡ್ತಾರೆ, ತಗೋಬೇಡಿ. ಬೇರು ಸಮೇತ ಕಿತ್ತು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಜಾಗಕ್ಕೆ ಬದನೆ, ಮೆಣಸು, ಆಲೂಗಡ್ಡೆಯೂ ಬೇಡ, ಎಲ್ಲ ಒಂದೇ ಕುಟುಂಬ. ಅಲಸಂದೆ, ಹೀರೆ, ಹರಿವೆ ಹಾಕಿ.

ಟೊಮೆಟೊ ಬೇಕೇ ಬೇಕು ಅಂದರೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಾಕಿ ನೋಡಿ. ಎಲೆ ಮುದುಡು, ಈ ಸೊರಗು ರೋಗ, ಮುಂಚಿನ ಎಲೆ ಅಂಗಮಾರಿ, ಮೂರನ್ನೂ ತಡೆಯುವ ತಳಿ. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಎತ್ತಿಟ್ಟು ಪ್ರಯೋಜನ ಇಲ್ಲ. ಕಾಡಲ್ಲಿ ಬೆಳೆಯುವ ಸುಂಡೆ ಗಿಡದ ಬುಡಕ್ಕೆ ಬದನೆ ಕಸಿ ಮಾಡುವವರೂ ಇದ್ದಾರೆ. ಸುಂಡೆ ಬೇರಿಗೆ ಈ ರೋಗ ಸುಲಭಕ್ಕೆ ತಾಗೋದಿಲ್ಲ.

ಸುಣ್ಣದ ವಿಷಯ. ಇಲ್ಲಿನ ಮಳೆಗೆ ಮಣ್ಣಿನ ಸುಣ್ಣದ ಅಂಶ ತೊಳೆದು ಹೋಗುತ್ತೆ, ಮಣ್ಣು ಹುಳಿಯಾಗೋದು ಅದಕ್ಕೇ. ನವಿಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಬಗ್ಗೆ ವಿಚಾರಿಸಿ, ಅವರು ಹೇಳಿದಷ್ಟು ಕೃಷಿ ಸುಣ್ಣ ಹಾಕಿ. ಸುಣ್ಣವನ್ನೂ ಕೊಟ್ಟಿಗೆ ಗೊಬ್ಬರವನ್ನೂ ಒಟ್ಟಿಗೆ ಹಾಕಬೇಡಿ, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತೆ. ಎರಡರ ನಡುವೆ ಎರಡು ವಾರ ಬಿಡಿ.

ಹಾವೇರಿ ಹುಡುಗಿ, ಈಗ ತೀರ್ಥಹಳ್ಳಿ:
ಲೋಟದ ಪರೀಕ್ಷೆ ಅಜ್ಜಿಗೆ ತೋರಿಸ್ತೇನಿ ಸರ್. ಹೀರಿ ಬಳ್ಳಿ ಮ್ಯಾಲೆ ಹತ್ತೈತಿ, ಹೂ ಭಾಳ ಬಿಟ್ಟೈತಿ, ಆದ್ರ ಪೀಚು ಹಳದಿಯಾಗಿ ಉದುರ್ತಾವು. ಗೊಬ್ಬರ ಕಡಿಮಿ ಆತೇನು?

ಜೇನುಪೆಟ್ಟಿಗೆ, ಕೊಪ್ಪ:
ಗೊಬ್ಬರ ಅಲ್ಲ ಮಾರಾಯ್ರೆ, ಮಳೆಗೆ ಜೇನು ಹೊರಗೆ ಬರೋದಿಲ್ಲ. ಪರಾಗ ಮುಟ್ಟಿಸೋರು ಯಾರು? ನೀವೇ ಮುಟ್ಟಿಸಬೇಕು. ಹೂವಿನ ಕೆಳಗೆ ಸಣ್ಣ ಕಾಯಿ ಇದ್ರೆ ಹೆಣ್ಣು, ಬರೀ ತೊಟ್ಟಿದ್ರೆ ಗಂಡು. ಗಂಡು ಹೂ ಕಿತ್ತು, ಎಸಳು ತೆಗೆದು, ನಡುವಿನ ಹಳದಿ ಪುಡಿಯನ್ನ ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಹೀರೆ ಹೂ ಅರಳೋದು ಸಂಜೆ, ಆಗಲೇ ಮಾಡ್ಬೇಕು. ಚೀನಿಕಾಯಿ (ಸಿಹಿಗುಂಬಳ), ಹಾಗಲ, ಸೌತೆ ಆದ್ರೆ ಬೆಳಗ್ಗೆ. ಮಳೆ ಹನಿ ಬಿದ್ದು ಒದ್ದೆಯಾದ ಪರಾಗ ಕೆಲಸಕ್ಕೆ ಬಾರದು, ಹಾಗಾಗಿ ಗಂಡು ಹೂವಿಗೆ ಮೊದಲೇ ಒಂದು ಪ್ಲಾಸ್ಟಿಕ್ ಕೊಟ್ಟೆ (ಚೀಲ) ಮುಚ್ಚಿಡಿ. ತೊಂಡೆಗೆ ಈ ರಗಳೆ ಇಲ್ಲ, ಅದು ಪರಾಗ ಇಲ್ಲದೆನೂ ಕಾಯಿ ಕಟ್ತದೆ.

ಹಿಡಿದ ಕಾಯಿ ಸೊಟ್ಟಗಾಗಿ ಒಳಗೆ ಹುಳ ಕಂಡ್ರೆ ಅದು ಹಣ್ಣುನೊಣ. ಕ್ಯೂ ಲೂರ್ ಅನ್ನೋ ವಾಸನೆಯ ಬಲೆ ಒಂದು ತೂಗುಹಾಕಿ, ಗಂಡು ನೊಣ ಬೀಳ್ತವೆ. ಮಾವಿನ ಮರಕ್ಕೆ ಕಟ್ಟೋ ಬಲೆಯ ವಾಸನೆ ಬೇರೆ, ಅದು ಬಳ್ಳಿಗೆ ಆಗೋದಿಲ್ಲ, ಕೇಳಿ ತನ್ನಿ. ಕೊಳೆತ ಕಾಯಿ ಅಲ್ಲೇ ಬಿಡಬೇಡಿ, ಆಳಕ್ಕೆ ಹೂಳಿ.

ಕಾಡಂಚಿನ ಮನೆ, ನಗರ (ಹೊಸನಗರ ತಾಲ್ಲೂಕು):
ಇಷ್ಟೆಲ್ಲ ಹೇಳಿ ಮಂಗನ ಹೆಸರೇ ಯಾರೂ ಎತ್ತಲಿಲ್ಲವಲ್ಲ! ನಮ್ಮಲ್ಲಿ ಬೀನ್ಸ್, ಸೌತೆ, ಬದನೆ ಬಲೆ ಕಟ್ಟದೆ ಒಂದೂ ಕೈಗೆ ಸಿಗೋದಿಲ್ಲ. ಮುಟ್ಟದೆ ಬಿಟ್ಟಿರೋದು ಹಾಗಲ, ಕೆಸು, ಜೀರಿಗೆ ಮೆಣಸು, ಅರಿಶಿನ. ಅದನ್ನೇ ಜಾಸ್ತಿ ಹಾಕಿದ್ದೀವಿ. ಬಸವನಹುಳಕ್ಕೆ ಬೂದಿ ಹಾಕಿ ಅಂತಾರೆ, ಒಂದು ಮಳೆಗೆ ಬೂದಿ ಕರಗಿ ಹೋಗ್ತದೆ. ಒದ್ದೆ ಗೋಣಿ ಕೆಳಗೆ ಪಪ್ಪಾಯಿ ಎಲೆ ಇಟ್ಟು, ರಾತ್ರಿ ಟಾರ್ಚ್ ಹಿಡಿದು ಆರಿಸಿ ಉಪ್ಪುನೀರಿನ ಬಕೆಟ್‌ಗೆ ಹಾಕೋದೊಂದೇ ದಾರಿ. ಬರಿಗೈಯಲ್ಲಿ ಮುಟ್ಟಬೇಡಿ.

ಅಟ್ಟದ ಮೊಗೆಕಾಯಿ, ಸಾಗರ:
ಮಳೆಗಾಲದಲ್ಲಿ ಏನು ಬೆಳೀಬೇಕು ಅಂತ ಎಲ್ಲರೂ ಹೇಳಿದ್ರಿ. ನಮ್ಮ ಅತ್ತೆ ಕಾಲದವರು ಮಳೆಗಾಲದ ತರಕಾರಿಯನ್ನ ಬೇಸಿಗೆಯಲ್ಲೇ ಬೆಳೆದು ಇಟ್ಕೊಳ್ತಿದ್ರು. ಭತ್ತ ಕೊಯ್ದ ಗದ್ದೆಯಲ್ಲಿ ಸಂಕ್ರಾಂತಿ ಹೊತ್ತಿಗೆ ಗುಣಿ ತೆಗೆದು ಸುಡುಮಣ್ಣು, ಸಗಣಿ ಗೊಬ್ಬರ ತುಂಬಿ ಮೊಗೆಕಾಯಿ, ಬೂದುಗುಂಬಳ, ಚೀನಿಕಾಯಿ ಹಾಕೋದು. ಏಪ್ರಿಲ್‌ನಲ್ಲಿ ಬಲಿತ ಕಾಯಿಯನ್ನ ತೊಟ್ಟು ಸಮೇತ ಕೊಯ್ದು, ಪೆಟ್ಟಾಗದ ಹಾಗೆ ತಂದು, ಬಾಳೆಪಟ್ಟೆಯ ಹಗ್ಗದಲ್ಲಿ ಅಟ್ಟದ ಜಂತಿಗೆ ಒಂದೊಂದಾಗಿ ಕಟ್ಟೋದು. ಒಂದಕ್ಕೊಂದು ತಾಗಬಾರದು, ತಾಗಿದಲ್ಲೇ ಕೊಳೆ ಶುರುವಾಗೋದು. ಒಲೆ ಹೊಗೆ ಬೇರೆ ತಾಗ್ತಿತ್ತಲ್ಲ, ದೀಪಾವಳಿ ತನಕ ಉಳೀತಿತ್ತು. ಈಗ ಗ್ಯಾಸ್ ಒಲೆ, ಅಷ್ಟು ದಿನ ಬರೋದಿಲ್ಲ, ಆದ್ರೂ ಗಾಳಿ ಆಡೋ ಜಾಗದಲ್ಲಿ ಕಟ್ಟಿದ್ರೆ ಜೋರು ಮಳೆ ದಾಟಿಸಬಹುದು. ಬಾವಿ ಇರೋರು ಈ ಬೆಳೆ ಬಿಡಬೇಡಿ.

ಬಚ್ಚಲು ನೀರು ಬಸಳೆಗೆ, ಕೆಸುವಿಗೆ ಬಿಡಿ. ಬಟ್ಟೆ ಒಗೆದ ಸೋಪಿನ ನೀರು ಬೇಡ. ಮತ್ತೆ ಹಿತ್ತಲ ಮೂಲೆಯಲ್ಲಿ ತಾನಾಗಿ ಬರೋ ಸೊಪ್ಪನ್ನ ಕಳೆ ಅಂತ ಕೀಳಬೇಡಿ. ಭೂಮಿ ಹುಣ್ಣಿಮೆ ದಿನ ಗದ್ದೆಗೆ ಬೀರೋ ಹಚ್ಚಂಬಲಿಗೆ, ಅಂದ್ರೆ ಬೆರಕೆ ಸೊಪ್ಪಿನ ಅಡುಗೆಗೆ, ಸೊಪ್ಪು ಕೇಳ್ಕೊಂಡು ಅಜ್ಜಿ ನಿಮ್ಮ ಹಿತ್ತಲಿಗೇ ಬರ್ತಾರೆ.

ಹಾವೇರಿ ಹುಡುಗಿ, ಈಗ ತೀರ್ಥಹಳ್ಳಿ:
ಅಕ್ಕಾ, ಮೊಗೆಕಾಯಿ ಬೀಜ ಅಂಗಡ್ಯಾಗ ಸಿಗ್ತಾವೇನು?

ಅಟ್ಟದ ಮೊಗೆಕಾಯಿ, ಸಾಗರ:
ಸಿಗ್ತದೆ, ಸಾಂಬಾರ್ ಸೌತೆ ಅಂತ ಕೇಳಿ. ಅದಕ್ಕಿಂತ ಅಜ್ಜಿ ಹತ್ರ ಚೆನ್ನಾಗಿ ಹಣ್ಣಾದ ಒಂದು ಕಾಯಿ ಇಸ್ಕೊಳ್ಳಿ. ಬೀಜ ತೊಳೆದು, ಬೂದಿಯಲ್ಲಿ ಹೊರಳಿಸಿ ನೆರಳಲ್ಲಿ ಒಣಗಿಸಿ ಬಾಟಲಿಗೆ ಹಾಕಿಡಿ. ಸಂಕ್ರಾಂತಿಗೆ ತೆಗೆದು ಒಂದು ರಾತ್ರಿ ನೆನೆಸಿ, ಗುಣಿಗೆ ನಾಲ್ಕೈದು ಬೀಜ ಹಾಕಿ, ಚೆನ್ನಾಗಿ ಬಂದ ಎರಡು ಸಸಿ ಬಿಟ್ಟು ಉಳಿದದ್ದು ಕೀಳಿ.